ಟೈಲಿನ ಬೆನ್ನು ನೋಡಿ

ಹೊಸ ಮನೆಯ ನೆಲ ಸರಿಯಿಲ್ಲ ಅನ್ನುವುದು ಮೊದಲು ಗೊತ್ತಾಗುವುದು ಕಾಲಿಗೆ. ಬರಿಗಾಲಲ್ಲಿ ನಡೆಯುವಾಗ ಎರಡು ಟೈಲ್ ಕೂಡುವ ಜಾಗದಲ್ಲಿ ಹೆಬ್ಬೆರಳಿಗೆ ಒಂದು ಅಂಚು ತಾಗುತ್ತದೆ. ಇನ್ನೊಂದು ಕಡೆ ಹೆಜ್ಜೆ ಇಟ್ಟರೆ ಸದ್ದೇ ಬೇರೆ, ಕೆಳಗೆ ಏನೂ ಇಲ್ಲವೇನೋ ಅನ್ನಿಸುವ ಹಾಗೆ. ಕಣ್ಣಿಗೆ ಕಾಣುವುದು ಆಮೇಲೆ, ಇಳಿಬಿಸಿಲು ಕಿಟಕಿಯಿಂದ ಓರೆಯಾಗಿ ಬಿದ್ದಾಗ. ಎತ್ತರದ ಅಂಚುಗಳೆಲ್ಲ ಪಕ್ಕದ ಟೈಲಿನ ಮೇಲೆ ಸಣ್ಣ ನೆರಳು ಬೀಳಿಸುತ್ತವೆ. ಮಧ್ಯಾಹ್ನ ಸಪಾಟಾಗಿದ್ದ ನೆಲ ಸಂಜೆಗೆ ಗೀಟು ಗೀಟಾಗಿ ಕಾಣುತ್ತದೆ. ಒಂದು ಸಲ ಕಂಡಿತೋ ಮುಗಿಯಿತು, ಆಮೇಲೆ ಕಣ್ಣು ಅಲ್ಲಿಗೇ ಹೋಗುತ್ತದೆ.

ಇಂಥ ಹೊತ್ತಲ್ಲಿ ಸುತ್ತಲಿನವರೆಲ್ಲ ಹೇಳುವುದು ಒಂದೇ ಮಾತು. "ಸಣ್ಣ ವಿಷಯ ಬಿಡಿ, ಯಾರು ಬಗ್ಗಿ ನೋಡ್ತಾರೆ?" ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೂ ನನಗೆ ಆ ಮಾತು ಒಪ್ಪಿಗೆಯಿಲ್ಲ. ಗೋಡೆಯ ಬಣ್ಣ ಹಿಡಿಸದಿದ್ದರೆ ಮೇಲೊಂದು ಕೋಟ್ ಹೊಡೆಯಬಹುದು. ಬಾಗಿಲು ಹಿಡಿದುಕೊಳ್ಳುತ್ತಿದ್ದರೆ ಕಳಚಿ, ಹೆರೆದು ಕೂರಿಸಬಹುದು. ನೆಲ ಹಾಗಲ್ಲ. ಮಂಚ, ಬೀರು, ಅಡುಗೆಮನೆಯ ಕಪಾಟು ಎಲ್ಲವೂ ಅದರ ಮೇಲೆ ಕೂತುಬಿಟ್ಟಿರುತ್ತವೆ. ಮನೆಯಲ್ಲಿ ಸದಾ ಮೈಗೆ ತಾಗುವ ಭಾಗ ಅದೊಂದೇ. ವರ್ಷಗಟ್ಟಲೆ ಕೂಡಿಟ್ಟ ದುಡ್ಡು ಸುರಿದು ಕಟ್ಟಿಸಿದ ಮನೆಯಲ್ಲಿ ಕಾಲಿಟ್ಟ ಕಡೆಯೆಲ್ಲ ಡಬ್ ಡಬ್ ಅಂದರೆ ಹೊಟ್ಟೆ ಉರಿಯದೇ ಇರುತ್ತದಾ? ಆ ಸಂಕಟವನ್ನು ಯಾರೂ ನಾಚಿಕೊಂಡು ನುಂಗಿಕೊಳ್ಳಬೇಕಾಗಿಲ್ಲ.

ಆದರೆ ಆ ಸಂಕಟದಲ್ಲಿ ಬಹಳ ಜನ ಕಂಡ ಕಂಡ ಕಡೆ ತೇಪೆ ಹಾಕಿಸುತ್ತಾರೆ. ಟೈಲುಗಳ ನಡುವಿನ ಸಂದಿಗೆ ತುಂಬುವ ಗ್ರೌಟ್ ಬಿರುಕು ಬಿಟ್ಟರೆ ಅದರ ಮೇಲೆ ಇನ್ನಷ್ಟು ಗ್ರೌಟ್. ಟೈಲ್ ಅಲ್ಲಾಡಿದರೆ ಸಂದಿಯೊಳಗೆ ಒಂದಿಷ್ಟು ಸಿಮೆಂಟ್ ಹಾಲು. ಬಿಳಿ ಕಲೆ ಎದ್ದರೆ ಆಸಿಡ್. ಕೆಲವೇ ತಿಂಗಳಲ್ಲಿ ಅದೇ ಜಾಗದಲ್ಲಿ ಅದೇ ಬಿರುಕು, ಅದೇ ಕಲೆ. ಟೈಲಿನ ಮೇಲೆ ಕಾಣುವ ತೊಂದರೆಗೆ ಕಾರಣ ಬಹುಪಾಲು ಟೈಲಿನ ಕೆಳಗೇ ಇರುತ್ತದೆ. ಕೆಳಗೆ ಏನಾಗಿದೆ ಅಂತ ನೋಡುವವರೆಗೂ ಮೇಲೆ ಯಾರಿಗೂ ಕೈ ಇಡಲು ಬಿಡಬೇಡಿ. ನಮ್ಮ ಮನೆಯ ನೆಲದ ಜೊತೆ ಗುದ್ದಾಡಿದ ಮೇಲೆ ನಾನು ಇಷ್ಟನ್ನಂತೂ ಗಟ್ಟಿಯಾಗಿ ಹೇಳಬಲ್ಲೆ.

ಮೊದಲು ಮಾಡಬೇಕಾದದ್ದು ತಟ್ಟಿ ನೋಡುವುದು. ಒಂದು ನಾಣ್ಯ ಸಾಕು, ಸ್ಕ್ರೂಡ್ರೈವರಿನ ಹಿಡಿಯೂ ಆಗುತ್ತದೆ. ಪ್ರತಿ ಟೈಲಿನ ನಾಲ್ಕು ಮೂಲೆ, ನಾಲ್ಕು ಅಂಚು, ನಡುವೆ ಒಂದು ಸಲ. ಗಟ್ಟಿಯಾಗಿ ಕೂತ ಟೈಲು ಚಿಕ್ಕದಾಗಿ, ಗಡುಸಾಗಿ ಸದ್ದು ಕೊಡುತ್ತದೆ. ಕೆಳಗೆ ಪೊಳ್ಳಿದ್ದರೆ ಸದ್ದು ಅಗಲವಾಗುತ್ತದೆ, ಒಳಗೆ ತಿರುಗಿ ಬಂದ ಹಾಗೆ ಕೇಳಿಸುತ್ತದೆ. ಮನೆ ಮೌನವಾಗಿದ್ದಾಗ ಮಾಡಿ, ಫ್ಯಾನ್ ಕೂಡ ಆರಿಸಿ. ಪೊಳ್ಳು ಕಂಡ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾ ಹೋಗಿ. ಕೊನೆಗೆ ಎದ್ದು ನಿಂತು ಇಡೀ ರೂಮು ನೋಡಿ. ಗುರುತುಗಳು ಎಲ್ಲೆಂದರಲ್ಲಿ ಚೆಲ್ಲಿವೆಯಾ, ಒಂದೇ ಸಾಲಲ್ಲಿವೆಯಾ, ಗೋಡೆ ಬದಿಯಲ್ಲಿ ಗುಂಪಾಗಿವೆಯಾ? ಕಾರಣ ಹುಡುಕುವುದು ಶುರುವಾಗುವುದು ಅಲ್ಲಿಂದ.

ಪ್ರತಿ ಟೈಲಿನ ಮೂಲೆಗಳಲ್ಲೇ ಪೊಳ್ಳು ಅಥವಾ ಮೂಲೆ ಬಿಟ್ಟು ಉಳಿದೆಡೆಯೆಲ್ಲ ಪೊಳ್ಳು ಅಂತಾದರೆ ಅಂಟನ್ನು ಉಂಡೆ ಇಟ್ಟು ಒತ್ತಿರುವ ಸಾಧ್ಯತೆ ಜಾಸ್ತಿ. ನಾಲ್ಕು ಮೂಲೆಗೆ ನಾಲ್ಕು ಉಂಡೆ, ನಡುವೆ ಒಂದು, ಮೇಲೆ ಟೈಲ್ ಇಟ್ಟು ಕುಟ್ಟುವುದು. ಬೇಗ ಆಗುತ್ತದೆ, ಮಟ್ಟ ಹೊಂದಿಸುವುದೂ ಸುಲಭ. ಆದರೆ ಉಂಡೆಗಳ ನಡುವೆ ಗಾಳಿ ಉಳಿಯುತ್ತದೆ. ಭಾರದ ವಸ್ತುವೊಂದು ಆ ಜಾಗದಲ್ಲಿ ಬಿದ್ದರೆ ಟೈಲ್ ಸೀಳುತ್ತದೆ. ಬಚ್ಚಲಲ್ಲಾದರೆ ಆ ಸಂದುಗಳಲ್ಲಿ ನೀರು ನಿಲ್ಲುತ್ತದೆ. ಅಮೆರಿಕದ ಟೈಲ್ ಕೆಲಸದ ಮಾನದಂಡದಲ್ಲಿ ಇದಕ್ಕೊಂದು ಲೆಕ್ಕ ಇದೆ. ಒಣ ಇರುವ ಒಳಾಂಗಣದಲ್ಲಿ ಟೈಲಿನ ಬೆನ್ನಿನ ಕನಿಷ್ಠ ಶೇ. 80 ಭಾಗಕ್ಕೆ ಅಂಟು ತಾಗಿರಬೇಕು. ನೀರು ಬೀಳುವ ಕಡೆ ಮತ್ತು ಹೊರಗಡೆ ಶೇ. 95. ಮೂಲೆ, ಅಂಚುಗಳಿಗಂತೂ ಅಂಟು ಇರಲೇಬೇಕು.

ಇಲ್ಲಿ ಒಂದು ಮಾತು. ಪೊಳ್ಳು ಸದ್ದು ಬಂದದ್ದೆಲ್ಲ ಕೆಟ್ಟ ಕೆಲಸ ಅಲ್ಲ. ಟೈಲಿನ ಕೆಳಗೆ ಸದ್ದು ತಡೆಯುವ ಹಾಸು ಇದ್ದರೆ, ಬಿರುಕು ತಡೆಯುವ ಪೊರೆ ಹಾಕಿದ್ದರೆ, ಮರದ ಹಲಗೆಯ ಮೇಲೆ ಟೈಲ್ ಹಾಕಿದ್ದರೆ ಸದ್ದು ತಾನಾಗೇ ಬೇರೆ ಬರುತ್ತದೆ. ಅದಕ್ಕೇ ಸದ್ದಿನ ಆಧಾರದ ಮೇಲೆ ಜಗಳಕ್ಕೆ ಇಳಿಯಬೇಡಿ. ಸದ್ದು ಬರೀ ಅನುಮಾನ. ಗಟ್ಟಿ ಸಾಕ್ಷಿ ಬೇಕೆಂದರೆ ಒಂದು ಟೈಲನ್ನು ಕೀಳಿಸಬೇಕು.

ಇದಕ್ಕೆ ಯಾರಿಗೂ ಮನಸ್ಸು ಬರುವುದಿಲ್ಲ, ನನಗೆ ಅರ್ಥವಾಗುತ್ತದೆ. ಹೊಸ ನೆಲ, ಅದರಲ್ಲಿ ಕೈಯಾರೆ ಒಂದು ಗುಂಡಿ ಮಾಡುವುದಾ? ಆದರೆ ಅರ್ಧ ಗಂಟೆಯ ವಾದದಲ್ಲಿ ತಿಳಿಯದ್ದು ಆ ಒಂದು ಗುಂಡಿಯಲ್ಲಿ ತಿಳಿಯುತ್ತದೆ.

ನಮ್ಮ ಮನೆಯಲ್ಲಿ ಹಾಲಿನಿಂದ ರೂಮಿಗೆ ಹೋಗುವ ದಾರಿಯ ಟೈಲ್ ಆರಿಸಿದೆವು. ಕೆಲಸ ನೋಡಲು ಬಂದವರು ವಯಸ್ಸಾದ ಮೇಸ್ತ್ರಿ, ನಮ್ಮ ನೆಲ ಹಾಕಿದವರಲ್ಲ. ಸುತ್ತಲಿನ ಗ್ರೌಟನ್ನು ತೆಳು ಬ್ಲೇಡಿನಲ್ಲಿ ನಿಧಾನವಾಗಿ ಕೊರೆದರು. ಒಂದು ಅಂಚಿಗೆ ಪಟ್ಟಿ ತೂರಿಸಿ ಮೆಲ್ಲಗೆ ಮೀಟಿದರು. ಟೈಲ್ ಒಡೆಯಲೇ ಇಲ್ಲ, ಇಡಿಯಾಗಿ ಎದ್ದು ಬಂತು. ಅವರು ಅದನ್ನು ಮಗುಚಿ ಹೆಬ್ಬೆರಳಿನಿಂದ ಬೆನ್ನನ್ನು ಒರೆಸಿ ನನಗೆ ಬೆರಳು ತೋರಿಸಿದರು. ಬೆರಳೆಲ್ಲ ಬಿಳಿ ಪುಡಿ.

"ನೋಡಿ ಸರ್, ಒರೆಸಿಯೇ ಇಲ್ಲ," ಅಂದರು. ಆಮೇಲೆ ಕೆಳಗೆ ಉಳಿದ ಸಿಮೆಂಟಿನ ಕಡೆ ಕೈ ತೋರಿಸಿದರು. ಟೈಲಿನ ಬೆನ್ನಿನ ಮೇಲಿದ್ದ ಗೆರೆಗಳು, ಚೌಕಗಳು, ಕಂಪನಿಯ ಗುರುತಿನ ಅಕ್ಷರಗಳು ಕೂಡ ತಲೆಕೆಳಗಾಗಿ ಆ ಸಿಮೆಂಟಿನ ಮೇಲೆ ಅಚ್ಚೊತ್ತಿದ್ದವು. ಒಂದು ಗೆರೆಯೂ ತಪ್ಪಿರಲಿಲ್ಲ. "ಸಿಮೆಂಟ್ ಪೂರ್ತಿ ತಾಗಿದೆ, ಆದ್ರೆ ಹಿಡಿದಿಲ್ಲ."

ತಾಗುವುದು ಬೇರೆ, ಹಿಡಿಯುವುದು ಬೇರೆ. ಬರೀ ಸಿಮೆಂಟು ಟೈಲನ್ನು ಹಿಡಿಯುವುದು ಅದರ ಬೆನ್ನಿನ ಸಣ್ಣ ಸಣ್ಣ ರಂಧ್ರಗಳಿಗೆ ಇಳಿದು, ಅಲ್ಲೇ ಗಟ್ಟಿಯಾಗಿ. ಹಳೆಯ ಮಣ್ಣಿನ ಟೈಲುಗಳು ನೀರು ಚೆನ್ನಾಗಿ ಹೀರುತ್ತಿದ್ದವು, ಸಿಮೆಂಟು ಸಾಕಾಗುತ್ತಿತ್ತು. ಗೋಡೆಗೆ ಹಾಕುವ ಸೆರಾಮಿಕ್ ಟೈಲ್ ಈಗಲೂ ತನ್ನ ತೂಕದ ಶೇ. 10ಕ್ಕಿಂತ ಜಾಸ್ತಿ ನೀರು ಹೀರಬಲ್ಲದು. ವಿಟ್ರಿಫೈಡ್ ಟೈಲ್ ಹಾಗಲ್ಲ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಅದು ಹೀರುವ ನೀರು ಶೇ. 0.5ಕ್ಕಿಂತ ಹೆಚ್ಚಿರಬಾರದು. ಹೆಚ್ಚುಕಡಿಮೆ ಗಾಜು. ಸಿಮೆಂಟಿಗೆ ಇಳಿಯಲು ಅಲ್ಲಿ ದಾರಿಯೇ ಇಲ್ಲ. ಅದಕ್ಕೆ ಪಾಲಿಮರ್ ಬೆರೆಸಿದ ಟೈಲ್ ಅಂಟು ಬೇಕು. ಚೀಲದ ಮೇಲೆ ಸಿ1, ಸಿ2 ಅಂತ ಬರೆದಿರುತ್ತದೆ. ಸಿ1 ಅಂಟಿನ ಹಿಡಿತ ಚದರ ಮಿಲಿಮೀಟರಿಗೆ ಕನಿಷ್ಠ 0.5 ನ್ಯೂಟನ್ ಇರಬೇಕು, ಸಿ2 ಆದರೆ ಅದರ ಎರಡು ಪಟ್ಟು, ಅಂದರೆ 1 ನ್ಯೂಟನ್. ದೊಡ್ಡ ವಿಟ್ರಿಫೈಡ್ ಟೈಲಿಗೆ ಸಿ2 ಕೇಳಿ ತರಿಸುವುದು ಒಳ್ಳೆಯದು.

ಆ ಬಿಳಿ ಪುಡಿಯ ಕಥೆ ಇನ್ನೊಂದು. ಟೈಲ್ ಸುಡುವ ಗೂಡಿನಲ್ಲಿ ಅದು ರೋಲರುಗಳ ಮೇಲೆ ಉರುಳುತ್ತಾ ಹೋಗುತ್ತದೆ. ರೋಲರಿಗೆ ಅಂಟಿಕೊಳ್ಳದಿರಲಿ ಅಂತ ಬೆನ್ನಿಗೆ ಒಂದು ಪುಡಿ ಬಳಿದಿರುತ್ತಾರೆ. ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿದರೆ ಹೋಗುತ್ತದೆ. ಒರೆಸದೇ ಹಾಕಿದರೆ ಅಂಟು ಪುಡಿಯನ್ನು ಹಿಡಿದುಕೊಳ್ಳುತ್ತದೆ, ಟೈಲನ್ನಲ್ಲ. ನಮ್ಮಲ್ಲಿ ಎರಡೂ ಆಗಿತ್ತು: ಬರೀ ಸಿಮೆಂಟು, ಮೇಲೆ ಪುಡಿ.

ಅವತ್ತಿನಿಂದ ಕಿತ್ತ ಟೈಲ್ ಎಲ್ಲಿ ಕಂಡರೂ ಮಗುಚಿ ನೋಡುವುದು ನನಗೆ ಅಭ್ಯಾಸವಾಗಿದೆ. ಬೆನ್ನು ಬಹಳ ಹೇಳುತ್ತದೆ. ಅಂಟೆಲ್ಲ ಟೈಲಿನ ಜೊತೆ ಎದ್ದು ಬಂದು, ಕೆಳಗೆ ಕಾಂಕ್ರೀಟ್ ಬೋಳಾಗಿ ಕಂಡರೆ ತಪ್ಪು ಕಾಂಕ್ರೀಟಿನ ಕಡೆ ಇದೆ: ಧೂಳು ಗುಡಿಸಿಲ್ಲ, ಬಣ್ಣದ ಹನಿ ಕೆರೆದಿಲ್ಲ, ಅಥವಾ ಮೇಲಿನ ಸಿಮೆಂಟ್ ಪದರವೇ ಪುಡಿಪುಡಿ. ಹಲ್ಲಿನ ಕರಣೆಯಲ್ಲಿ ಎಳೆದ ಅಂಟಿನ ಏಣುಗಳು ಚಪ್ಪಟೆಯಾಗದೆ ಹಾಗೇ ನಿಂತಿದ್ದರೆ ಎರಡರಲ್ಲಿ ಒಂದು. ಟೈಲನ್ನು ಸರಿಯಾಗಿ ಒತ್ತಿಲ್ಲ, ಇಲ್ಲವೇ ಅಂಟು ಬಳಿದು ತುಂಬಾ ಹೊತ್ತು ಬಿಟ್ಟಿದ್ದಾರೆ. ಸಾಮಾನ್ಯ ಅಂಟು ಬಳಿದ ಮೇಲೆ ಸುಮಾರು 20 ನಿಮಿಷದೊಳಗೆ ಟೈಲ್ ಕೂರಬೇಕು. ಬಿಸಿಲು, ಗಾಳಿ ಇದ್ದರೆ ಇನ್ನೂ ಕಮ್ಮಿ. ಮೇಲೆ ಕೆನೆ ಕಟ್ಟಿದ ಅಂಟಿಗೆ ಬೆರಳು ಒತ್ತಿದರೆ ಬೆರಳಿಗೆ ಏನೂ ಹತ್ತುವುದಿಲ್ಲ. ಬೆರಳಿಗೆ ಹತ್ತದ್ದು ಟೈಲಿಗೂ ಹತ್ತುವುದಿಲ್ಲ. ಕೆಲಸ ನಡೆಯುವಾಗಲೇ ಪಕ್ಕದಲ್ಲಿ ನಿಂತು ಇದನ್ನು ನೋಡಬಹುದು. ನಾಲ್ಕಾರು ಟೈಲಿಗೊಮ್ಮೆ, ಆಗ ತಾನೇ ಕೂರಿಸಿದ್ದನ್ನು ಎತ್ತಿ ತೋರಿಸಿ ಅಂತ ಕೇಳಿ. ಒಳ್ಳೆಯ ಮೇಸ್ತ್ರಿ ಬೇಜಾರು ಮಾಡಿಕೊಳ್ಳುವುದಿಲ್ಲ. ಅವರೇ ಎತ್ತಿ ನೋಡುತ್ತಿರುತ್ತಾರೆ.

ಇನ್ನೊಂದು ತೊಂದರೆ ಇದಕ್ಕಿಂತ ಗಾಬರಿ ಹುಟ್ಟಿಸುವಂಥದ್ದು. ಎಲ್ಲ ಚೆನ್ನಾಗಿದ್ದ ರೂಮಿನಲ್ಲಿ ಒಂದು ದಿನ ಢಬ್ಬೆಂದು ಸದ್ದಾಗಿ, ಒಂದು ಸಾಲಿನ ಟೈಲುಗಳು ಎದುರುಬದುರಾಗಿ ಎದ್ದು ಡೇರೆಯ ಹಾಗೆ ನಿಂತುಬಿಡುತ್ತವೆ. ಯಾರೂ ತುಳಿದಿರುವುದಿಲ್ಲ, ಏನೂ ಬಿದ್ದಿರುವುದಿಲ್ಲ. ನೆಲದಡಿ ಏನೋ ಇದೆ ಅಂತ ಹೆದರುವವರೂ ಇದ್ದಾರೆ. ಕಾರಣ ಸರಳ. ಜಾಗ ಸಾಲದು. ಹೊಸ ಕಾಂಕ್ರೀಟು ಒಣಗುತ್ತಾ ಕುಗ್ಗುತ್ತದೆ, ಮೀಟರಿಗೆ ಸುಮಾರು ಅರ್ಧ ಮಿಲಿಮೀಟರಿನಷ್ಟು. ಹತ್ತು ಮೀಟರಿಗೆ ಅದು ಐದು ಮಿಲಿಮೀಟರ್ ಆಯಿತು. ಟೈಲ್ ಕುಗ್ಗುವುದಿಲ್ಲ. ಇದರ ಮೇಲೆ ಬಿಸಿಲಿನ ಹಿಗ್ಗುವಿಕೆ ಬೇರೆ. ಗೋಡೆಯಿಂದ ಗೋಡೆಗೆ ಒತ್ತಾಗಿ ಟೈಲ್ ಜೋಡಿಸಿ, ಅಂಚಿಗೂ ಸಿಮೆಂಟ್ ತುಂಬಿಬಿಟ್ಟರೆ ಆ ಒತ್ತಡ ಹೋಗಲು ದಾರಿಯಿಲ್ಲ. ಹಿಡಿತ ಎಲ್ಲಿ ಕಮ್ಮಿಯೋ ಅಲ್ಲಿ ಮೇಲಕ್ಕೆ ಚಿಮ್ಮುತ್ತದೆ.

ಪರಿಹಾರಕ್ಕೆ ಹೆಚ್ಚಿನ ಖರ್ಚೇ ಇಲ್ಲ, ಇದೇ ನನಗೆ ತುಂಬಾ ಬೇಸರ ತರುವ ವಿಷಯ. ಗೋಡೆಯ ಬುಡದಲ್ಲಿ ಸುತ್ತಲೂ ಸುಮಾರು 6 ಮಿಲಿಮೀಟರ್ ಖಾಲಿ ಬಿಟ್ಟರೆ ಸಾಕು. ಗೋಡೆಯ ಬುಡಕ್ಕೆ ಹಚ್ಚುವ ಪಟ್ಟಿ, ಅಂದರೆ ಸ್ಕರ್ಟಿಂಗ್ ಬಂದ ಮೇಲೆ ಅದು ಕಾಣುವುದೂ ಇಲ್ಲ. ದೊಡ್ಡ ಹಾಲಾದರೆ 6ರಿಂದ 7.5 ಮೀಟರಿಗೊಂದು ಸಂದಿಗೆ ಗ್ರೌಟಿನ ಬದಲು ಮೆತ್ತನೆಯ ಸೀಲೆಂಟ್ ತುಂಬಬೇಕು. ಬಿಸಿಲು ನೇರ ಬೀಳುವ ಕಡೆ, ಒದ್ದೆಯಾಗುವ ಕಡೆ ಇನ್ನೂ ಹತ್ತಿರ, 2.4ರಿಂದ 3.6 ಮೀಟರಿಗೊಂದು. ಅಂಗಡಿಯಲ್ಲಿ ಗ್ರೌಟಿನ ಬಣ್ಣಕ್ಕೇ ಹೊಂದುವ ಸೀಲೆಂಟ್ ಸಿಗುತ್ತದೆ. ಕಾಂಕ್ರೀಟಿನಲ್ಲೇ ಜಾಯಿಂಟ್ ಬಿಟ್ಟಿದ್ದರೆ ಟೈಲಿನಲ್ಲೂ ಅದೇ ಗೆರೆಯ ಮೇಲೆ ಜಾಯಿಂಟ್ ಬರಬೇಕು. ಅದನ್ನು ಟೈಲಿಂದ ಮುಚ್ಚಿದರೆ ಬಿರುಕು ಟೈಲನ್ನೇ ಸೀಳಿಕೊಂಡು ಮೇಲೆ ಬರುತ್ತದೆ. ಹಲವು ಟೈಲುಗಳನ್ನು ದಾಟಿ ಒಂದೇ ಗೆರೆಯಾಗಿ ಬಿರುಕು ಹೋಗಿದ್ದರೆ ಅದು ಟೈಲಿನ ಬಿರುಕಲ್ಲ, ಕಾಂಕ್ರೀಟಿನದು.

ಇದು ಹೊಸ ತಿಳಿವಳಿಕೆಯೂ ಅಲ್ಲ. ಸುಮಾರು 2000 ವರ್ಷಗಳ ಹಿಂದೆ ರೋಮಿನ ಕಟ್ಟಡ ತಜ್ಞ ವಿಟ್ರುವಿಯಸ್ ನೆಲ ಹಾಕುವ ಕ್ರಮ ಬರೆದಿಟ್ಟಿದ್ದಾನೆ. ಅವನು ಜಾಸ್ತಿ ಮಾತಾಡುವುದು ಮೇಲಿನ ಕಲ್ಲಿನ ಬಗ್ಗೆ ಅಲ್ಲ, ಕೆಳಗಿನ ಪದರಗಳ ಬಗ್ಗೆ. ಮುಷ್ಟಿ ಗಾತ್ರದ ಕಲ್ಲು, ಅದರ ಮೇಲೆ ಸುಣ್ಣ ಬೆರೆಸಿದ ಜಲ್ಲಿ, ಅದರ ಮೇಲೆ ಸುಣ್ಣದ ಜೊತೆ ಕುಟ್ಟಿದ ಹೆಂಚಿನ ಪುಡಿ, ಕೊನೆಗೆ ನೆಲ. ಮಹಡಿಯ ನೆಲದ ಬಗ್ಗೆ ಅವನು ಹೇಳುವ ಒಂದು ಎಚ್ಚರಿಕೆ ನನಗೆ ತುಂಬಾ ಇಷ್ಟ. ಕೆಳಗಿನ ಅಡ್ಡಗೋಡೆ ನೆಲದ ಅಡಿಗೆ ತಾಗುವ ಹಾಗೆ ಕಟ್ಟಬೇಡಿ, ನಡುವೆ ಸ್ವಲ್ಪ ಜಾಗ ಬಿಡಿ ಅನ್ನುತ್ತಾನೆ. ಮರ ಒಣಗಿ ನೆಲ ತುಸು ಬಾಗುತ್ತದೆ, ಗೋಡೆ ಮಾತ್ರ ಅಲ್ಲೇ ನಿಂತಿರುತ್ತದೆ, ಆಗ ಗೋಡೆಯ ಎಡಕ್ಕೂ ಬಲಕ್ಕೂ ಬಿರುಕು ಬರುತ್ತದೆ ಅಂತ. ಪೊಳ್ಳು ಸದ್ದಿನ ನೆಲದ ಮೇಲೆ ಕೂತು ಇದನ್ನು ಓದಿದಾಗ ನನಗೆ ನಿಜಕ್ಕೂ ಸಮಾಧಾನವಾಯಿತು. ನೆಲ ಅಲ್ಲಾಡುತ್ತದೆ, ಅದಕ್ಕೆ ಜಾಗ ಕೊಡಬೇಕು ಅನ್ನುವುದನ್ನು ಅಷ್ಟು ಹಿಂದೆಯೇ ಕಣ್ಣಾರೆ ಕಂಡು ಬರೆದವನಿದ್ದ ಅಲ್ವಾ?

ಕಾಂಕ್ರೀಟಿನ ಬಗ್ಗೆ ಇನ್ನೊಂದು ಮಾತು. ಅದಕ್ಕೆ ಶಕ್ತಿ ಬರಲು 28 ದಿನ ಅಂತ ಲೆಕ್ಕ. ಆದರೆ ಶಕ್ತಿ ಬರುವುದು, ಒಣಗುವುದು ಎರಡೂ ಒಂದೇ ಅಲ್ಲ. ಒಣಗಲು 25 ಮಿಲಿಮೀಟರ್ ದಪ್ಪಕ್ಕೆ ಹೆಚ್ಚುಕಡಿಮೆ ಒಂದು ತಿಂಗಳು ಅಂತ ಕೆಲಸದವರ ಅಂದಾಜು. ಮನೆ ಮುಗಿಸುವ ಗಡಿಬಿಡಿಯಲ್ಲಿ ಮೊದಲು ಬಲಿಯಾಗುವುದು ಈ ಕಾಯುವ ಕಾಲವೇ. ಮರದ ನೆಲ, ವಿನೈಲ್ ನೆಲ ಹಾಕಿಸುವವರು ಇದನ್ನು ಇನ್ನೂ ಗಂಭೀರವಾಗಿ ತೆಗೆದುಕೊಳ್ಳಬೇಕು. ಒಂದು ಪ್ಲಾಸ್ಟಿಕ್ ಹಾಳೆಯನ್ನು ಕಾಂಕ್ರೀಟಿನ ಮೇಲೆ ಹಾಸಿ, ನಾಲ್ಕು ಬದಿಗೂ ಟೇಪ್ ಹಚ್ಚಿ, 16 ಗಂಟೆ ಬಿಟ್ಟು ತೆಗೆಯಿರಿ. ಕೆಳಗೆ ಬೆವರು ಕಂಡರೆ ಅಥವಾ ಕಾಂಕ್ರೀಟ್ ಕಪ್ಪಾಗಿದ್ದರೆ ಒಳಗೆ ಇನ್ನೂ ತೇವ ಇದೆ. ಮರದ ಹಲಗೆಗಳ ಅಂಚು ಮೇಲೆದ್ದು ನಡು ತಗ್ಗಾದರೆ ಅಡಿಯಲ್ಲಿ ತೇವ ಜಾಸ್ತಿ ಅಂತ ಅರ್ಥ. ಆಗ ಮೇಲಿನಿಂದ ಉಜ್ಜಿ ಸಮ ಮಾಡಿಸಬೇಡಿ. ಅಡಿ ಒಣಗಿದ ಮೇಲೆ ಅಂಚುಗಳು ಕೆಳಗಿಳಿದು, ನಡು ಉಬ್ಬಿ ನಿಲ್ಲುತ್ತದೆ. ಮೊದಲು ತೇವದ ಮೂಲ ಹುಡುಕಿ, ಒಣಗಲು ಬಿಡಿ. ಎಷ್ಟೋ ಸಲ ಹಲಗೆ ತಾನಾಗೇ ಸರಿಹೋಗುತ್ತದೆ.

ಈಗ ಗ್ರೌಟ್. ಬೈಗುಳ ತಿನ್ನುವುದರಲ್ಲಿ ಇದಕ್ಕೇ ಮೊದಲ ಸ್ಥಾನ. ಟೈಲುಗಳ ಲೋಪವೆಲ್ಲ ಕಾಣಿಸಿಕೊಳ್ಳುವುದು ಗ್ರೌಟಿನಲ್ಲೇ. ಬೆರಳಲ್ಲಿ ಉಜ್ಜಿದರೆ ಪುಡಿ ಬರುತ್ತಿದ್ದರೆ ಕಲಸುವಾಗ ನೀರು ಜಾಸ್ತಿಯಾಗಿದೆ. ನೀರು ಜಾಸ್ತಿಯಾದರೆ ತುಂಬುವುದು ಸಲೀಸು, ಅದಕ್ಕೇ ಹಾಕುತ್ತಾರೆ. ಒಣಗಿದಾಗ ಆ ನೀರಿದ್ದ ಜಾಗವೆಲ್ಲ ರಂಧ್ರ. ಗ್ರೌಟ್ ಕುಗ್ಗುತ್ತದೆ, ಪಕ್ಕದ ಟೈಲಿನಿಂದ ಬಿಟ್ಟುಕೊಳ್ಳುತ್ತದೆ, ಕೊಳೆ ಹೀರುತ್ತದೆ. ಒಂದೇ ಡಬ್ಬಿಯ ಗ್ರೌಟು ಒಂದು ಕಡೆ ಗಾಢ, ಇನ್ನೊಂದು ಕಡೆ ತಿಳಿ ಕಂಡರೂ ಬಹುಪಾಲು ನೀರಿನದೇ ಕೆಲಸ. ಪ್ರತಿ ಸಲ ಕಲಸಿದಾಗ ನೀರಿನ ಅಳತೆ ಬೇರೆಯಾಗಿರುತ್ತದೆ, ಅಥವಾ ಒರೆಸುವ ಸ್ಪಂಜನ್ನು ಹಿಂಡದೆ ಒರೆಸಿರುತ್ತಾರೆ. ಇನ್ನೊಂದು ಕಾರಣ ಸಂದಿಯೊಳಗೇ ಅಡಗಿರುತ್ತದೆ. ಟೈಲ್ ಒತ್ತಿದಾಗ ಮೇಲೆ ಉಕ್ಕಿದ ಅಂಟನ್ನು ತೆಗೆಯದೇ ಬಿಟ್ಟರೆ ಆ ಜಾಗದಲ್ಲಿ ಗ್ರೌಟ್ ಬರೀ ಒಂದು ಪೊರೆ. ಅದು ಬೇಗ ಎದ್ದು ಹೋಗುತ್ತದೆ, ಒಳಗಿನ ಅಂಟಿನ ಬಣ್ಣ ಇಣುಕುತ್ತದೆ.

ಅದಕ್ಕೇ ಹಳೆ ಗ್ರೌಟಿನ ಮೇಲೆ ಹೊಸ ಗ್ರೌಟ್ ಸವರುವುದು ವ್ಯರ್ಥ. ಸಂದಿಯ ಆಳದ ಮೂರರಲ್ಲಿ ಎರಡು ಭಾಗದಷ್ಟಾದರೂ ಕೆರೆದು ತೆಗೆದು, ಧೂಳು ಊದಿ, ಆಮೇಲೆ ತುಂಬಬೇಕು. 3 ಮಿಲಿಮೀಟರಿಗಿಂತ ಅಗಲದ ಸಂದಿಗೆ ಮರಳು ಬೆರೆತ ಗ್ರೌಟ್, ಅದಕ್ಕಿಂತ ಸಣ್ಣದಕ್ಕೆ ಮರಳಿಲ್ಲದ್ದು. ಅಗಲ ಸಂದಿಗೆ ಮರಳಿಲ್ಲದ್ದನ್ನು ತುಂಬಿದರೆ ಒಣಗುವಾಗ ಕುಗ್ಗಿ ಬಿರುಕು ಬಿಡುತ್ತದೆ.

ನೆಲ ಗೋಡೆಗೆ ಸೇರುವ ಮೂಲೆಯಲ್ಲಿ, ಎರಡು ಗೋಡೆ ಕೂಡುವಲ್ಲಿ, ಅಡುಗೆಕಟ್ಟೆ ಗೋಡೆಗೆ ತಾಗುವಲ್ಲಿ ಗ್ರೌಟ್ ಬಿರುಕು ಬಿಟ್ಟೇ ಬಿಡುತ್ತದೆ. ಎರಡೂ ಮೈ ಬೇರೆ ಬೇರೆಯಾಗಿ ಅಲ್ಲಾಡುತ್ತವೆ, ಗಡುಸಾದದ್ದು ಅಲ್ಲಿ ಉಳಿಯುವುದಿಲ್ಲ. ಅಲ್ಲಿ ಬೇಕಾದದ್ದು ಸಿಲಿಕೋನ್. ಮತ್ತೆ ಮತ್ತೆ ಗ್ರೌಟ್ ತುಂಬಿಸಿ ಬಳಲುವವರನ್ನು ಕಂಡರೆ ಇದೊಂದು ಮಾತು ಹೇಳಲೇಬೇಕು ಅನ್ನಿಸುತ್ತದೆ.

ಬಿಳಿ ಕಲೆ ಎದ್ದರೆ ಎಲ್ಲರಿಗೂ ಗಾಬರಿ. ಸಿಮೆಂಟಿನಲ್ಲಿರುವ ಸುಣ್ಣದ ಅಂಶ ನೀರಲ್ಲಿ ಕರಗಿ ಸಂದಿಯ ಮೂಲಕ ಮೇಲೆ ಬರುತ್ತದೆ. ನೀರು ಆರಿದಾಗ ಗಾಳಿಯ ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಬಿಳಿ ಪುಡಿಯಾಗಿ ಕೂರುತ್ತದೆ. ಕಲೆ ಬಂತು ಅಂದರೆ ಕೆಳಗಿನಿಂದ ನೀರು ಬಂತು ಅಂತಲೇ ಅರ್ಥ. ಹೊಸ ನೆಲದಲ್ಲಿ ಅದು ಬರೀ ಕಟ್ಟಡದ ತೇವವಾದರೆ ಒಣ ಬ್ರಷ್ಷಿನಿಂದ ಆಗಾಗ ಉಜ್ಜಿ, ಕಾಯಿರಿ. ಕ್ರಮೇಣ ನಿಲ್ಲುತ್ತದೆ. ನಿಲ್ಲದಿದ್ದರೆ ಎಲ್ಲೋ ಪೈಪ್ ಸೋರುತ್ತಿದೆ ಅಥವಾ ಹೊರಗಿನ ನೀರು ಒಳಗೆ ಬರುತ್ತಿದೆ, ಅದನ್ನು ಹುಡುಕಿ. ಶೌಚಾಲಯ ತೊಳೆಯುವ ಆಸಿಡ್ ತಂದು ಸುರಿಯಬೇಡಿ. ಕಲೆಯ ಜೊತೆ ಗ್ರೌಟೂ ಕರಗುತ್ತದೆ. ಮಾರ್ಬಲ್ ಆದರೆ ಹೊಳಪೇ ಸತ್ತುಹೋಗುತ್ತದೆ, ಅದಕ್ಕೆ ವಿನೆಗರ್, ನಿಂಬೆರಸ ಕೂಡ ಆಗದು.

ಸಿಮೆಂಟಿನ ಬದಲು ರಾಳದಿಂದ ಮಾಡಿದ ಎಪಾಕ್ಸಿ ಗ್ರೌಟ್ ಹಾಕಿಸಿದರೆ ಇದ್ಯಾವುದೂ ಇಲ್ಲ ಅನ್ನುವ ಮಾತಿದೆ. ಕಲೆ ಹಿಡಿಯುವುದು ಕಮ್ಮಿ, ನೀರು ಹೀರುವುದಿಲ್ಲ, ಬಚ್ಚಲಿಗೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಕೈ ಚುರುಕಾಗಿರಬೇಕು. ಟೈಲಿನ ಮೇಲೆ ಉಳಿದ ಪೊರೆಯನ್ನು ಆಗಿಂದಾಗ ಒರೆಸದಿದ್ದರೆ ಕಲ್ಲಾಗಿ ಕೂರುತ್ತದೆ. ಕೆಳಗಿನ ಪೊಳ್ಳನ್ನಂತೂ ಅದು ಸರಿಮಾಡುವುದಿಲ್ಲ.

ಬಚ್ಚಲಿನ ವಿಷಯದಲ್ಲಿ ನಾನು ಸ್ವಲ್ಪ ಹಟ ಮಾಡುತ್ತೇನೆ. ಟೈಲು, ಗ್ರೌಟು ನೀರು ತಡೆಯುತ್ತವೆ ಅಂತ ಬಹಳ ಜನ ನಂಬಿದ್ದಾರೆ. ಸಿಮೆಂಟ್ ಗ್ರೌಟು ನೀರು ಹೀರುತ್ತದೆ. ನೀರು ತಡೆಯಬೇಕಾದದ್ದು ಅದರ ಕೆಳಗಿನ ವಾಟರ್‌ಪ್ರೂಫಿಂಗ್ ಪದರ. ಅದನ್ನು ಬಳಿದ ಮೇಲೆ, ಟೈಲ್ ಹಾಕುವ ಮೊದಲು, ಮೋರಿಯ ಬಾಯಿ ಮುಚ್ಚಿ 24 ಗಂಟೆ ನೀರು ನಿಲ್ಲಿಸಿ, ಕೆಳಗಿನ ಚಾವಣಿ ನೋಡಿ. ಒಮ್ಮೆ ಟೈಲ್ ಬಿದ್ದ ಮೇಲೆ ಸೋರುವ ಜಾಗ ಹುಡುಕುವುದು ಬಹಳ ಕಷ್ಟ. ವಾಟವನ್ನೂ ಆಗಲೇ ನೋಡಿಕೊಳ್ಳಬೇಕು. ಮೋರಿಯ ಕಡೆಗೆ ಮೀಟರಿಗೆ 1ರಿಂದ 2 ಸೆಂಟಿಮೀಟರ್ ಇಳಿಜಾರು ಇರಬೇಕು. ಟೈಲ್ ಹಾಕಿ ಮುಗಿದಿದ್ದರೆ ಒಂದು ಬಕೆಟ್ ನೀರು ಸುರಿದು ಸ್ವಲ್ಪ ಹೊತ್ತು ಬಿಟ್ಟು ಬನ್ನಿ. ಎಲ್ಲಿ ಮಡು ನಿಂತಿದೆಯೋ ಅಲ್ಲಿ ವಾಟ ಕೆಟ್ಟಿದೆ. ಮಡು ನಿಲ್ಲುವ ಕಡೆ ಎಂಥ ಗ್ರೌಟೂ ಬೇಗ ಕಪ್ಪಾಗುತ್ತದೆ. ವಯಸ್ಸಾದವರು ಜಾರುವುದೂ ಅಲ್ಲೇ.

ಅಂಚು ಏರುಪೇರಾಗುವುದಕ್ಕೆ ಮೇಸ್ತ್ರಿಯನ್ನೇ ಪೂರ್ತಿ ದೂರುವ ಹಾಗಿಲ್ಲ. ಉದ್ದನೆಯ ಟೈಲುಗಳು ಸುಡುವಾಗಲೇ ನಡುವೆ ತುಸು ಉಬ್ಬುತ್ತವೆ. ಮರದ ಹಲಗೆಯಂತೆ ಕಾಣುವ ಟೈಲನ್ನು ಇಟ್ಟಿಗೆ ಸಾಲಿನಂತೆ ಅರ್ಧಕ್ಕೆ ಅರ್ಧ ಸರಿಸಿ ಜೋಡಿಸಿದರೆ ಒಂದರ ಉಬ್ಬು ಇನ್ನೊಂದರ ತಗ್ಗಿನ ಪಕ್ಕಕ್ಕೇ ಬರುತ್ತದೆ. ಅದಕ್ಕೇ 38 ಸೆಂಟಿಮೀಟರಿಗಿಂತ ಉದ್ದದ ಟೈಲನ್ನು ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಸರಿಸಬಾರದು ಅನ್ನುವುದು. ಅಂಥ ಟೈಲಿಗೆ ಕೆಳಗಿನ ನೆಲವೂ 3 ಮೀಟರ್ ಉದ್ದಕ್ಕೆ 3 ಮಿಲಿಮೀಟರಿಗಿಂತ ಹೆಚ್ಚು ಏರುಪೇರು ಇರಬಾರದು. ಉದ್ದ ಮಟ್ಟಗೋಲು ಇಟ್ಟರೆ ತಿಳಿಯುತ್ತದೆ. ಸಂದಿಯೇ ಇಲ್ಲದ ಹಾಗೆ ಹಾಕಿ ಅಂತ ಒತ್ತಾಯಿಸುವ ನಮ್ಮಂಥವರ ಪಾಲೂ ಇದರಲ್ಲಿದೆ. ಸಂದಿ ಕಿರಿದಾದಷ್ಟೂ ಅಂಚಿನ ವ್ಯತ್ಯಾಸ ಕಣ್ಣಿಗೆ ರಾಚುತ್ತದೆ. ಎರಡು ಮೂರು ಮಿಲಿಮೀಟರ್ ಸಂದಿಯ ನೆಲವೇ ಕೊನೆಗೆ ಸಮವಾಗಿ ಕಾಣುತ್ತದೆ. ಎದ್ದ ಅಂಚನ್ನು ಯಂತ್ರದಲ್ಲಿ ಉಜ್ಜಿಸಲು ಯಾರಾದರೂ ಹೇಳಿದರೆ ಬೇಡ ಅನ್ನಿ. ಟೈಲಿನ ಮೇಲಿನ ಹೊಳಪಿನ ಪದರ, ಗ್ಲೇಜ್, ಹೋದರೆ ಮತ್ತೆ ಬರುವುದಿಲ್ಲ.

ಇಷ್ಟೆಲ್ಲ ತಿಳಿದುಕೊಂಡು ಕೆಲಸ ಮಾಡಿಸಿದವರ ಹತ್ತಿರ ಹೋಗಿ ಮಾತಾಡುವುದು ಹೇಗೆ? ಸಿಟ್ಟಲ್ಲಿ ಹೋದರೆ ಕೆಲಸ ಕೆಡುತ್ತದೆ, ಸುಮ್ನೆ ಇದ್ದರೂ ಕೆಡುತ್ತದೆ. ಸೀಮೆಸುಣ್ಣದ ಗುರುತು ಹಾಕಿದ ನೆಲದ ಫೋಟೊ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆದ ಬಿರುಕಿನ ಫೋಟೊ, ಕಿತ್ತ ಟೈಲಿನ ಬೆನ್ನು ಮತ್ತು ಅದರ ಕೆಳಗಿನ ನೆಲದ ಫೋಟೊ, ಇವನ್ನು ತಾರೀಖು ಹಾಕಿ ಬರಹದಲ್ಲಿ ಕಳಿಸಿ. ಕೊನೆಯ ಕಂತು ಕೊಡುವ ಮೊದಲೇ ತಟ್ಟಿ ನೋಡುವುದು ಮುಗಿದಿರಲಿ. "ನೆಲ ಸರಿಯಿಲ್ಲ" ಅಂದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. "ಈ ಟೈಲಿನ ಬೆನ್ನಲ್ಲಿ ಅರ್ಧಕ್ಕೆ ಅಂಟೇ ಇಲ್ಲ, ನೋಡಿ" ಅಂದರೆ ಮಾತು ಬದಲಾಗುತ್ತದೆ. ನಮ್ಮ ನೆಲ ಹಾಕಿದ ಹುಡುಗನಿಗೆ ಆ ಬೆನ್ನು ತೋರಿಸಿದಾಗ ಅವನು ವಾದ ಮಾಡಲಿಲ್ಲ. ತುಂಬಾ ಹೊತ್ತು ಕುಕ್ಕರಗಾಲಲ್ಲಿ ಕೂತು ಆ ಅಚ್ಚಿನ ಮೇಲೆ ಕೈಯಾಡಿಸಿದ. "ಒರೆಸ್ಬೇಕು ಅಂತ ನಂಗೆ ಯಾರೂ ಹೇಳ್ಕೊಟ್ಟಿಲ್ಲ ಸರ್," ಅಂದ. ಅವನ ಮೇಲಿದ್ದ ಸಿಟ್ಟು ಇಳಿಯಿತು. ಅವನನ್ನು ಗಡಿಬಿಡಿಯಲ್ಲಿ ಓಡಿಸಿದವರ ಮೇಲಿನ ಸಿಟ್ಟು ಮಾತ್ರ ಇನ್ನೂ ಇದೆ.

ಮನೆ ಈಗಷ್ಟೇ ಕಟ್ಟಿಸುತ್ತಿರುವವರಿಗೆ ಒಂದು ಕೆಲಸ: ಉಳಿದ ಟೈಲುಗಳನ್ನು ಬಿಸಾಡಬೇಡಿ. ಅಳತೆಗಿಂತ ಶೇ. 10ರಷ್ಟು ಜಾಸ್ತಿ ತರಿಸಿ, ಮಿಕ್ಕಿದ್ದನ್ನು ಡಬ್ಬದ ಸಮೇತ ಎತ್ತಿಡಿ. ಡಬ್ಬದ ಮೇಲೆ ಶೇಡ್ ನಂಬರ್ ಇರುತ್ತದೆ, ಎಷ್ಟೋ ಕಂಪನಿಗಳದರಲ್ಲಿ ಗಾತ್ರದ ಗುರುತೂ ಇರುತ್ತದೆ. ಒಂದೇ ಹೆಸರಿನ ಟೈಲ್ ಬೇರೆ ಸಲ ಸುಟ್ಟಾಗ ಬಣ್ಣ ತುಸು ಬೇರೆ ಬರುತ್ತದೆ, ಗಾತ್ರದಲ್ಲಿ ಕೂದಲೆಳೆಯಷ್ಟು ಫರಕು ಇರುತ್ತದೆ. ಆಮೇಲೆ ಹುಡುಕಿದರೆ ಅದೇ ನಂಬರ್ ಸಿಗುವುದು ಅಪರೂಪ.

ಎಲ್ಲ ಪೊಳ್ಳು ಟೈಲುಗಳನ್ನೂ ಕಿತ್ತು ಹಾಕಿಸಬೇಕಾ ಅಂತ ಕೇಳಿದರೆ, ಬೇಡ ಅನ್ನುತ್ತೇನೆ. ಒಂದು ಟೈಲ್ ಕೀಳುವಾಗ ಪಕ್ಕದ ಗಟ್ಟಿ ಟೈಲಿಗೂ ಏಟು ಬೀಳುತ್ತದೆ. ನಮ್ಮಲ್ಲಿ ನಡೆದಾಡುವ ದಾರಿಯವು, ಬಾಗಿಲ ಬಳಿಯವು, ಅಲ್ಲಾಡುತ್ತಿದ್ದವು, ಅಂಚಿನ ಗ್ರೌಟ್ ಬಿರುಕು ಬಿಟ್ಟವು, ಇಷ್ಟನ್ನು ಕೀಳಿಸಿದೆವು. ಕೆಳಗಿನ ಹಳೆ ಸಿಮೆಂಟನ್ನು ಪೂರ್ತಿ ಕೆರೆದು, ಹೊಸ ಟೈಲಿನ ಬೆನ್ನು ಒರೆಸಿ, ನೆಲಕ್ಕೂ ಬೆನ್ನಿಗೂ ಅಂಟು ಬಳಿದು ಕೂರಿಸಿದರು. ಮಾರನೇ ದಿನದವರೆಗೆ ಯಾರೂ ತುಳಿಯಲಿಲ್ಲ, ಗ್ರೌಟ್ ಆಮೇಲೇ. ಗೋಡೆ ಬದಿಯಲ್ಲಿ ಸ್ಕರ್ಟಿಂಗ್ ತೆಗೆದು ತುಂಬಿದ್ದ ಸಿಮೆಂಟನ್ನು ಕೊರೆದು ಜಾಗ ಮಾಡಿಸಿದೆವು. ಮಂಚದ ಕೆಳಗೆ, ಬೀರುವಿನ ಪಕ್ಕದಲ್ಲಿ ಸದ್ದು ಮಾತ್ರ ಬೇರೆ ಇದ್ದು ಬೇರೇನೂ ತೊಂದರೆ ಕೊಡದ ಟೈಲುಗಳನ್ನು ಹಾಗೇ ಬಿಟ್ಟಿದ್ದೇವೆ, ಗುರುತು ಹಾಕಿದ ನಕ್ಷೆ ಇಟ್ಟುಕೊಂಡಿದ್ದೇವೆ. ಆಗಾಗ ತಟ್ಟಿ ನೋಡುತ್ತೇವೆ. ಬಚ್ಚಲಿನಲ್ಲಿ ಪೊಳ್ಳು ಕೇಳಿಸಿದ ಟೈಲುಗಳನ್ನು ಮಾತ್ರ ಒಂದನ್ನೂ ಬಿಡದೆ ತೆಗೆಸಿ, ವಾಟರ್‌ಪ್ರೂಫಿಂಗ್ ಪದರದಿಂದಲೇ ಮತ್ತೆ ಮಾಡಿಸಿದೆವು.